ಮಂಗಳನ ದಾರಿಯನ್ನು ಕಾಗದದ ಮೇಲೆ ಲೆಕ್ಕ ಹಾಕುವ ಬಗೆ

2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಮಂಗಳಯಾನವು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳನ ಕಕ್ಷೆಯನ್ನು ಸೇರಿತು. ಅದರ ಬಗ್ಗೆ ಮಾತು ಬಂದಾಗಲೆಲ್ಲ 450 ಕೋಟಿ ರೂಪಾಯಿಯ ವೆಚ್ಚ ಎಷ್ಟು ಕಡಿಮೆ ಎಂಬಲ್ಲಿಗೇ ಚರ್ಚೆ ನಿಂತುಬಿಡುತ್ತದೆ. ಆ ನೌಕೆ ಯಾವ ದಾರಿಯಲ್ಲಿ ಹೋಯಿತು, ಅದೇ ತಿಂಗಳಲ್ಲಿ ಏಕೆ ಹೊರಟಿತು, ಅಷ್ಟೇ ಇಂಧನ ಹೇಗೆ ಸಾಕಾಯಿತು ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಹೈಸ್ಕೂಲಿನ ಗಣಿತ ನೆನಪಿರುವ ಯಾರಾದರೂ, ವರ್ಗಮೂಲದ ಗುಂಡಿ ಇರುವ ಸಾಮಾನ್ಯ ಕ್ಯಾಲ್ಕುಲೇಟರ್ ಹಿಡಿದು, ಈ ಪ್ರಶ್ನೆಗಳಿಗೆ ಒಂದು ಸಂಜೆಯಲ್ಲಿ ಉತ್ತರ ಕಂಡುಕೊಳ್ಳಬಹುದು.

ಇಲ್ಲಿ ಅನುಸರಿಸುವ ಕ್ರಮ ಸರಳವಾದದ್ದು. ಪ್ರತಿ ಹಂತದಲ್ಲಿ ಮೊದಲು ನಮ್ಮ ಲೆಕ್ಕ ಮಾಡಬೇಕು, ಆಮೇಲೆ ಮಂಗಳಯಾನದ ನಿಜವಾದ ಅಂಕಿಯನ್ನು ಅದರ ಪಕ್ಕದಲ್ಲಿ ಬರೆಯಬೇಕು. ಎರಡೂ ಹೊಂದದ ಕಡೆ ತಪ್ಪಾಯಿತೆಂದು ಹಾಳೆಯನ್ನು ಹರಿಯಬಾರದು. ಅನ್ಯಗ್ರಹಕ್ಕೆ ನೌಕೆ ಕಳಿಸುವ ಕಷ್ಟಗಳು ಇರುವುದೇ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ.

ಮೊದಲು ಹಾಳೆಯ ಮೇಲ್ಭಾಗದಲ್ಲಿ ಬೇಕಾದ ಅಂಕಿಗಳನ್ನು ಬರೆದುಕೊಳ್ಳಿ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ 14.96 ಕೋಟಿ ಕಿ.ಮೀ. ಇದನ್ನು 1 ಎಂದು ಇಟ್ಟುಕೊಂಡರೆ ಮಂಗಳನ ದೂರ 1.524 ಆಗುತ್ತದೆ. ಸೂರ್ಯನನ್ನು ಸುತ್ತಲು ಭೂಮಿಗೆ 365.25 ದಿನ ಬೇಕು, ಮಂಗಳನಿಗೆ 687 ದಿನ. ಭೂಮಿ ಸೆಕೆಂಡಿಗೆ 29.78 ಕಿ.ಮೀ. ವೇಗದಲ್ಲಿ ಸಾಗಿದರೆ ಮಂಗಳ 24.13 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಜೊತೆಗೆ ಎರಡು ಸುಳ್ಳುಗಳನ್ನು ತಿಳಿದೇ ಒಪ್ಪಿಕೊಳ್ಳೋಣ: ಎರಡೂ ಗ್ರಹಗಳ ಕಕ್ಷೆಗಳು ನಿಖರವಾದ ವೃತ್ತಗಳು, ಮತ್ತು ಎರಡೂ ಒಂದೇ ಸಮತಲದಲ್ಲಿವೆ. ನಿಜದಲ್ಲಿ ಮಂಗಳನ ಕಕ್ಷೆ ಮೊಟ್ಟೆಯಂತೆ ತುಸು ಉದ್ದ. ಸೂರ್ಯನಿಂದ ಅದರ ದೂರ 20.7 ಕೋಟಿಯಿಂದ 24.9 ಕೋಟಿ ಕಿ.ಮೀ.ವರೆಗೆ ಬದಲಾಗುತ್ತದೆ, ಮತ್ತು ಆ ಕಕ್ಷೆ ಭೂಮಿಯ ಕಕ್ಷೆಗೆ 1.85 ಡಿಗ್ರಿ ಓರೆಯಾಗಿದೆ. ಈ ಸುಳ್ಳುಗಳ ಬೆಲೆಯನ್ನು ಮುಂದೆ ತೆರುತ್ತೇವೆ.

ದಾರಿ ಎಷ್ಟು ದಿನದ್ದು

ಭೂಮಿಯಿಂದ ಮಂಗಳನಿಗೆ ಸರಳರೇಖೆ ಎಳೆದು ದೂರವನ್ನು ವೇಗದಿಂದ ಭಾಗಿಸುವುದು ಎಲ್ಲರೂ ಮೊದಲು ಮಾಡುವ ತಪ್ಪು. ನೌಕೆ ಭೂಮಿಯನ್ನು ಬಿಟ್ಟ ಮೇಲೂ ಸೂರ್ಯನ ಹಿಡಿತದಲ್ಲೇ ಇರುತ್ತದೆ. ಅದೂ ಒಂದು ಪುಟ್ಟ ಗ್ರಹದಂತೆ ಸೂರ್ಯನನ್ನು ಸುತ್ತಲೇಬೇಕು. ಆದ್ದರಿಂದ ಒಂದು ತುದಿ ಭೂಮಿಯ ಕಕ್ಷೆಯನ್ನೂ ಇನ್ನೊಂದು ತುದಿ ಮಂಗಳನ ಕಕ್ಷೆಯನ್ನೂ ಮುಟ್ಟುವಂಥ ದೀರ್ಘವೃತ್ತವೊಂದನ್ನು ಎಳೆದು, ಅದರ ಅರ್ಧಭಾಗವನ್ನು ದಾರಿಯಾಗಿ ಬಳಸಬೇಕು. ಜರ್ಮನಿಯ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲೇ, ಅಂದರೆ ಒಂದು ಉಪಗ್ರಹವೂ ಹಾರದ ಕಾಲದಲ್ಲಿ, ಕಡಿಮೆ ಇಂಧನದ ದಾರಿ ಇದು ಎಂದು ಲೆಕ್ಕ ಹಾಕಿ ಪ್ರಕಟಿಸಿದ್ದ.

ಈ ದೀರ್ಘವೃತ್ತದ ಸರಾಸರಿ ದೂರ 1 ಮತ್ತು 1.524ರ ನಡುವಿನದು, ಎಂದರೆ 1.262. ಕೆಪ್ಲರನ ಮೂರನೆಯ ನಿಯಮದ ಪ್ರಕಾರ ಈ ಸಂಖ್ಯೆಯನ್ನು ಅದರದೇ ವರ್ಗಮೂಲದಿಂದ ಗುಣಿಸಿದರೆ ಒಂದು ಪೂರ್ಣ ಸುತ್ತಿಗೆ ಬೇಕಾದ ವರ್ಷಗಳು ಸಿಗುತ್ತವೆ: 1.262ರ ವರ್ಗಮೂಲ 1.123, ಗುಣಲಬ್ಧ ಸುಮಾರು 1.418 ವರ್ಷ. ಅದರ ಅರ್ಧ 0.709 ವರ್ಷ, ಅಂದರೆ 259 ದಿನ.

ಈಗ ನಿಜದ ಅಂಕಿ. ಮಂಗಳಯಾನ ಭೂಮಿಯ ಹಿಡಿತದಿಂದ ಬಿಡಿಸಿಕೊಳ್ಳಲು ಎಂಜಿನ್ ಉರಿಸಿದ್ದು 2013ರ ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ. ಅಲ್ಲಿಂದ ಸೆಪ್ಟೆಂಬರ್ 24ಕ್ಕೆ ಎಣಿಸಿದರೆ 297 ದಿನ. ನಮ್ಮ ಲೆಕ್ಕಕ್ಕಿಂತ 38 ದಿನ ಹೆಚ್ಚು. ಓರೆಯಾದ ಕಕ್ಷೆಯ ಕಾರಣದಿಂದ ಸರಿಯಾಗಿ ಅರ್ಧಸುತ್ತಿನ ದಾರಿ ನಿಜದಲ್ಲಿ ಬಹಳ ದುಬಾರಿಯಾಗುತ್ತದೆ, ಏಕೆಂದರೆ ಎದುರು ತುದಿಯಲ್ಲಿ ಮಂಗಳ ನಮ್ಮ ಸಮತಲದಿಂದ ಮೇಲೋ ಕೆಳಗೋ ಇರುತ್ತದೆ. ಹಾಗಾಗಿ ದಾರಿ ರೂಪಿಸುವವರು ಅರ್ಧಸುತ್ತಿಗಿಂತ ತುಸು ಕಡಿಮೆಯದನ್ನೋ ತುಸು ಹೆಚ್ಚಿನದನ್ನೋ ಆರಿಸುತ್ತಾರೆ. ಮಂಗಳಯಾನ ಹಿಡಿದದ್ದು ಎರಡನೆಯದನ್ನು. ನಾವು ಒಪ್ಪಿಕೊಂಡ ಎರಡನೆಯ ಸುಳ್ಳಿನ ಬೆಲೆ ಇದು.

ಹೊರಡುವ ಮುಹೂರ್ತ

ನೌಕೆ ದೂರದ ತುದಿಯನ್ನು ಮುಟ್ಟುವ ದಿನ ಮಂಗಳನೂ ಅಲ್ಲಿರಬೇಕು. ಮಂಗಳ ದಿನಕ್ಕೆ 360 ಭಾಗಿಸು 687, ಎಂದರೆ 0.524 ಡಿಗ್ರಿ ಚಲಿಸುತ್ತದೆ. 259 ದಿನಕ್ಕೆ ಸುಮಾರು 136 ಡಿಗ್ರಿ. ನೌಕೆ ಅದೇ ಅವಧಿಯಲ್ಲಿ 180 ಡಿಗ್ರಿ ಸಾಗುತ್ತದೆ. ಆದ್ದರಿಂದ ಹೊರಡುವ ದಿನ ಮಂಗಳ ಭೂಮಿಗಿಂತ 44 ಡಿಗ್ರಿ ಮುಂದಿರಬೇಕು. (ಮಂಗಳಯಾನದ ದಾರಿ ಉದ್ದವಾಗಿದ್ದರಿಂದ ಅದು ಹೊರಟಾಗ ಮಂಗಳ 70 ಡಿಗ್ರಿಯ ಆಸುಪಾಸಿನಲ್ಲಿ ಮುಂದಿತ್ತು. ಭೂಮಿ ಮಂಗಳನನ್ನು ಹಿಂದಿಕ್ಕಿದ್ದು 2014ರ ಏಪ್ರಿಲ್ 8ರಂದು ಎಂಬುದನ್ನು ಹಿಡಿದು ಹಿಂದಕ್ಕೆ ಎಣಿಸಿದರೆ ಇದನ್ನು ನೀವೇ ಅಂದಾಜು ಮಾಡಬಹುದು.)

ಇಂಥ ಜೋಡಣೆ ಮತ್ತೆ ಎಂದು ಬರುತ್ತದೆ? 365.25 ಮತ್ತು 687ನ್ನು ಗುಣಿಸಿ, ಬಂದದ್ದನ್ನು ಅವುಗಳ ವ್ಯತ್ಯಾಸವಾದ 321.75ರಿಂದ ಭಾಗಿಸಿ. 780 ದಿನ, ಅಂದರೆ ಸುಮಾರು 26 ತಿಂಗಳು ಬರುತ್ತದೆ. ಈ ಸಂಖ್ಯೆಯನ್ನು ಪರೀಕ್ಷಿಸಲು ಉಡಾವಣೆಗಳ ದಿನಾಂಕಗಳೇ ಸಾಕು. ಕ್ಯೂರಿಯಾಸಿಟಿ 2011ರ ನವೆಂಬರ್‌ನಲ್ಲಿ ಹೊರಟಿತು. ಮಂಗಳಯಾನ ಮತ್ತು ಅಮೆರಿಕದ ಮೇವೆನ್ ಎರಡೂ 2013ರ ನವೆಂಬರ್‌ನಲ್ಲಿ. ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ 2016ರ ಮಾರ್ಚ್‌ನಲ್ಲಿ. ಇನ್‌ಸೈಟ್ 2018ರ ಮೇನಲ್ಲಿ. ಯುಎಇಯ ಹೋಪ್, ಚೀನಾದ ತ್ಯಾನ್‌ವೆನ್-1, ಅಮೆರಿಕದ ಪರ್ಸಿವಿಯರೆನ್ಸ್ ಮೂರೂ 2020ರ ಜುಲೈಯಲ್ಲಿ. ಬೇರೆ ಬೇರೆ ದೇಶಗಳು ಹೀಗೆ ಒಂದೇ ತಿಂಗಳಲ್ಲಿ ಸಾಲಾಗಿ ಹೊರಡುವುದನ್ನು ಪತ್ರಿಕೆಗಳು ಪೈಪೋಟಿ ಎಂದು ಬರೆಯುತ್ತವೆ. ಹೊರಡುವ ಮುಹೂರ್ತವನ್ನು ಇಟ್ಟದ್ದು ಮಾತ್ರ ಗ್ರಹಗಳೇ.

ಮುಹೂರ್ತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇನ್‌ಸೈಟ್ ಸಾಕ್ಷಿ. ಅದು 2016ರ ಮಾರ್ಚ್‌ನಲ್ಲೇ ಹೋಗಬೇಕಿತ್ತು. ಅದರ ಭೂಕಂಪಮಾಪಕವನ್ನು ಇಟ್ಟಿದ್ದ ನಿರ್ವಾತದ ಗೋಳದಲ್ಲಿ ಸೋರಿಕೆ ಕಂಡುಬಂತು, ರಿಪೇರಿಗೆ ಕೆಲವು ತಿಂಗಳು ಬೇಕಾಯಿತು, ನೌಕೆ 26 ತಿಂಗಳು ಕಾಯಿತು. ಮಂಗಳಯಾನದ ಮೇಲೂ ಇದೇ ಕತ್ತಿ ತೂಗುತ್ತಿತ್ತು. ರಾಕೆಟ್ಟಿನ ಕೊನೆಯ ಹಂತದ ಸಂಕೇತಗಳನ್ನು ಹಿಡಿಯಲು ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಕಳಿಸಿದ್ದ ನಳಂದ ಮತ್ತು ಯಮುನಾ ಹಡಗುಗಳ ಪೈಕಿ ಒಂದು ಕೆಟ್ಟ ಹವೆಯಿಂದ ತಡವಾದದ್ದರಿಂದ, ಅಕ್ಟೋಬರ್ 28ಕ್ಕೆ ನಿಗದಿಯಾಗಿದ್ದ ಉಡಾವಣೆ ನವೆಂಬರ್ 5ಕ್ಕೆ ಹೋಯಿತು. ಇನ್ನೂ ಕೆಲವು ವಾರ ತಡವಾಗಿದ್ದರೆ ಆ ನೌಕೆ 2016ರವರೆಗೆ ನೆಲದ ಮೇಲೆಯೇ ಇರಬೇಕಾಗುತ್ತಿತ್ತು.

ವೇಗಗಳನ್ನು ಕೂಡಬೇಡಿ, ವರ್ಗಗಳನ್ನು ಕೂಡಿ

ಇಡೀ ಲೆಕ್ಕದಲ್ಲಿ ನಿಧಾನವಾಗಿ ಮಾಡಬೇಕಾದ ಭಾಗ ಇದು. ನಮ್ಮ ದೀರ್ಘವೃತ್ತದ ಭೂಮಿಯ ಕಡೆಯ ತುದಿಯಲ್ಲಿ ನೌಕೆಗೆ ಎಷ್ಟು ವೇಗವಿರಬೇಕು? 1.524ರ ಎರಡರಷ್ಟನ್ನು (3.048) 2.524ರಿಂದ ಭಾಗಿಸಿ, ವರ್ಗಮೂಲ ತೆಗೆದು, 29.78ರಿಂದ ಗುಣಿಸಿ. 32.73 ಬರುತ್ತದೆ. ಭೂಮಿಯ ವೇಗ ನೌಕೆಗೆ ಉಚಿತವಾಗಿಯೇ ಸಿಕ್ಕಿರುವುದರಿಂದ ಹೆಚ್ಚುವರಿಯಾಗಿ ಬೇಕಾದದ್ದು ಸೆಕೆಂಡಿಗೆ 2.95 ಕಿ.ಮೀ. ಮಾತ್ರ.

ಆದರೆ ಇದು ಭೂಮಿಯ ಗುರುತ್ವದಿಂದ ಪೂರ್ತಿ ಹೊರಬಂದ ಮೇಲೆ ಉಳಿದಿರಬೇಕಾದ ವೇಗ. ನೆಲದಿಂದ 250 ಕಿ.ಮೀ. ಎತ್ತರದಲ್ಲಿ ವಿಮೋಚನಾ ವೇಗ, ಅಂದರೆ ಆ ಗುರುತ್ವದಿಂದ ಬಿಡಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ, ಸೆಕೆಂಡಿಗೆ 10.97 ಕಿ.ಮೀ. ಎರಡನ್ನೂ ಕೂಡಿ 13.92 ಎಂದು ಬರೆದರೆ ತಪ್ಪಾಗುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವರ್ಗಗಳನ್ನು ಕೂಡಬೇಕು. 10.97ರ ವರ್ಗ 120.3, 2.95ರ ವರ್ಗ 8.7, ಮೊತ್ತ 129, ಅದರ ವರ್ಗಮೂಲ 11.36. ಭೂಮಿಯ ಹತ್ತಿರ, ವೇಗವಾಗಿ ಸಾಗುತ್ತಿರುವಾಗಲೇ ಎಂಜಿನ್ ಉರಿಸಿದರೆ, ವಿಮೋಚನಾ ವೇಗದ ಮೇಲೆ ಸೆಕೆಂಡಿಗೆ 0.39 ಕಿ.ಮೀ. ಸೇರಿಸಿದ್ದಕ್ಕೆ ದೂರದಲ್ಲಿ 2.95 ಕಿ.ಮೀ. ಫಲ ಸಿಗುತ್ತದೆ. ನಾಗರ ಪಂಚಮಿಯ ಜೋಕಾಲಿ ಜೀಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಕಾಲಿ ಕೆಳಗಿನ ಬಿಂದುವನ್ನು ರಭಸದಿಂದ ದಾಟುವಾಗ ಕೊಟ್ಟ ಚಿಕ್ಕ ತಳ್ಳು ಅದನ್ನು ಮೇಲೆ ಎಷ್ಟೋ ದೂರ ಒಯ್ಯುತ್ತದೆ.

ಭಾರತದ ಸಂದರ್ಭದಲ್ಲಿ ಈ ತತ್ತ್ವ ಅನಿವಾರ್ಯವೂ ಆಗಿತ್ತು. ಹೆಚ್ಚು ಶಕ್ತಿಯ ಜಿಎಸ್‌ಎಲ್‌ವಿ ರಾಕೆಟ್ 2010ರಲ್ಲಿ ಎರಡು ಬಾರಿ ಸೋತಿತ್ತು. ನಂಬಬಹುದಾದ ಪಿಎಸ್‌ಎಲ್‌ವಿಗೆ ನೌಕೆಯನ್ನು ನೇರವಾಗಿ ಮಂಗಳನತ್ತ ಎಸೆಯುವ ಶಕ್ತಿ ಇರಲಿಲ್ಲ. ಅದು ನೌಕೆಯನ್ನು ಸುಮಾರು 250 ಕಿ.ಮೀ. ಹತ್ತಿರದ, 23,500 ಕಿ.ಮೀ. ದೂರದ ಕಕ್ಷೆಯಲ್ಲಿ ಬಿಟ್ಟಿತು. ಮುಂದಿನದು ಜೋಕಾಲಿಯ ಆಟ. ನೌಕೆ ಭೂಮಿಗೆ ಹತ್ತಿರ ಬಂದಾಗಲೆಲ್ಲ 440 ನ್ಯೂಟನ್ ಎಂಜಿನ್ ಉರಿಸುತ್ತ ದೂರದ ತುದಿಯನ್ನು ನವೆಂಬರ್ 7ರಂದು 28,825, ಮರುದಿನ 40,186, ಅದರ ಮರುದಿನ 71,636 ಕಿ.ಮೀ.ಗೆ ಏರಿಸಲಾಯಿತು. ನವೆಂಬರ್ 11ರಂದು ಆಟ ಮುಗ್ಗರಿಸಿತು. ಬದಲಿ ವ್ಯವಸ್ಥೆಗಳನ್ನು ಪರೀಕ್ಷಿಸುವಾಗ ವಾಲ್ವಿನ ಮುಖ್ಯ ಸುರುಳಿಗೂ ಬದಲಿ ಸುರುಳಿಗೂ ಒಟ್ಟಿಗೆ ವಿದ್ಯುತ್ ಹರಿಸಿದಾಗ ಇಂಧನದ ಹರಿವೇ ನಿಂತು, ಸೆಕೆಂಡಿಗೆ 130 ಮೀಟರ್ ಸಿಗಬೇಕಾದಲ್ಲಿ 35 ಮಾತ್ರ ಸಿಕ್ಕಿತು. ಭೂಮಿಯ ಸುತ್ತಲೇ ಇದ್ದುದರಿಂದ ಮರುದಿನ ಮತ್ತೊಮ್ಮೆ ಉರಿಸಿ ಸರಿಪಡಿಸಲು ಸಾಧ್ಯವಾಯಿತು. ನೇರವಾಗಿ ಎಸೆಯುವ ದೊಡ್ಡ ರಾಕೆಟ್ಟಿಗೆ ಈ ಅನುಕೂಲವಿಲ್ಲ ಎಂಬುದನ್ನು, ಸುತ್ತುಬಳಸಿನ ದಾರಿಯೆಂದು ಇದನ್ನು ಹಗುರವಾಗಿ ಕಂಡವರು ಗಮನಿಸಲಿಲ್ಲ. ನವೆಂಬರ್ 16ರ ಹೊತ್ತಿಗೆ ದೂರದ ತುದಿ 1,92,874 ಕಿ.ಮೀ. ತಲುಪಿತ್ತು.

ಆ ಕಕ್ಷೆಯಲ್ಲಿ ಭೂಮಿಗೆ ಹತ್ತಿರದ ಬಿಂದುವಿನಲ್ಲಿ ನೌಕೆಯ ವೇಗ ಸುಮಾರು 10.79 ಕಿ.ಮೀ. ನಮಗೆ ಬೇಕಾದದ್ದು 11.36. ಅಂದರೆ ಸೆಕೆಂಡಿಗೆ 570 ಮೀಟರ್ ಸೇರಿಸಿದರೆ ಸಾಕು. ಡಿಸೆಂಬರ್ 1ರಂದು ನಿಜವಾಗಿ ಸೇರಿಸಿದ್ದು 648 ಮೀಟರ್, ಅದೂ 22 ನಿಮಿಷ ಎಂಜಿನ್ ಉರಿಸಿ. ಸಾಗಬೇಕಾದ ನಿಜವಾದ ದಾರಿ ಬೇರೆಯಾಗಿದ್ದುದು ಒಂದು ಕಾರಣ. ಇನ್ನೊಂದು, 22 ನಿಮಿಷದಲ್ಲಿ ನೌಕೆ ಜೋಕಾಲಿಯ ಕೆಳಬಿಂದುವನ್ನು ದಾಟಿ ಬಹುದೂರ ಹೋಗಿರುತ್ತದೆ; ತಳ್ಳಿನ ಒಂದಿಷ್ಟು ಪಾಲು ವ್ಯರ್ಥವಾಗುತ್ತದೆ. ಆದರೂ ಮನೆಯ ಮೇಜಿನ ಲೆಕ್ಕಕ್ಕೆ ಇದು ಬಹಳ ಹತ್ತಿರದ ಉತ್ತರ.

ಇಂಧನದ ಲೆಕ್ಕ

ಮಂಗಳಯಾನದ ಎಂಜಿನ್ನಿನಿಂದ ಅನಿಲ ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 3 ಕಿ.ಮೀ. ರಾಕೆಟ್ ಸಮೀಕರಣದ ಪ್ರಕಾರ, ನೌಕೆ ತನ್ನ ವೇಗವನ್ನು ಅಷ್ಟೇ ಬದಲಿಸಿಕೊಳ್ಳಬೇಕಾದರೆ ಅದರ ತೂಕ 2.718 ಪಾಲಿನಿಂದ 1 ಪಾಲಿಗೆ ಇಳಿಯಬೇಕು. ಹೊರಟಾಗ ಮಂಗಳಯಾನದ ತೂಕ 1,337 ಕಿಲೋ, ಅದರಲ್ಲಿ ಇಂಧನ 852 ಕಿಲೋ. ಇಂಧನ ಕಳೆದರೆ ಉಳಿಯುವುದು 485. ಭಾಗಿಸಿ ನೋಡಿ: 2.757. ಎಂದರೆ ಇಡೀ ಪ್ರಯಾಣಕ್ಕೆ ನೌಕೆಯ ಕೈಯಲ್ಲಿದ್ದ ಒಟ್ಟು ಬಂಡವಾಳ ಸೆಕೆಂಡಿಗೆ 3 ಕಿ.ಮೀ.ಗಿಂತ ತುಸು ಹೆಚ್ಚು. ಕಕ್ಷೆ ಏರಿಸಲು ಸುಮಾರು 0.87, ಹೊರಡಲು 0.65, ಮಂಗಳನಲ್ಲಿ ನಿಲ್ಲಲು 1.1, ಒಟ್ಟು 2.62. ಉಳಿದ ಚಿಲ್ಲರೆಯಲ್ಲೇ ದಾರಿ ತಿದ್ದುವುದೂ ಮುಂದಿನ ಬದುಕೂ ಆಗಬೇಕು. ಕಕ್ಷೆ ಸೇರಿದ ಮೇಲೆ ಸುಮಾರು 40 ಕಿಲೋ ಇಂಧನ ಉಳಿದಿತ್ತು. ವೈಜ್ಞಾನಿಕ ಉಪಕರಣಗಳಿಗೆ ಸಿಕ್ಕ ಪಾಲು ಸುಮಾರು 15 ಕಿಲೋ ಮಾತ್ರ ಎಂಬುದನ್ನು ಈ ಹಾಳೆ ನೋಡಿದ ಮೇಲೆ ಯಾರೂ ಆಕ್ಷೇಪಿಸಲಾರರು.

ಗುರಿ

ಒಂದು ಪುಟ್ಟ ಗುಣಾಕಾರ ಮಾಡಿ. ಹೊರಡುವಾಗಿನ ವೇಗದಲ್ಲಿ ಸೆಕೆಂಡಿಗೆ 1 ಮೀಟರ್ ಮಾತ್ರ ತಪ್ಪಾಗಿದೆ ಎಂದುಕೊಳ್ಳಿ, ಅದು ನಾವು ನಡೆಯುವ ವೇಗಕ್ಕಿಂತಲೂ ಕಡಿಮೆ. 297 ದಿನಗಳನ್ನು 86,400 ಸೆಕೆಂಡುಗಳಿಂದ ಗುಣಿಸಿದರೆ ತಪ್ಪು 25,660 ಕಿ.ಮೀ.ಗೆ ಬೆಳೆದಿರುತ್ತದೆ. ಮಂಗಳನ ವ್ಯಾಸವೇ ಸುಮಾರು 6,800 ಕಿ.ಮೀ. ದಾರಿಯಲ್ಲಿ ಸೂರ್ಯನ ಬೆಳಕಿನ ಒತ್ತಡ ಬೇರೆ ನೌಕೆಯನ್ನು ಸದಾ ತಳ್ಳುತ್ತಿರುತ್ತದೆ. ಆದ್ದರಿಂದ ನಡುವೆ ದಾರಿ ತಿದ್ದುವುದು ಅನಿವಾರ್ಯ. ಮಂಗಳಯಾನ 2013ರ ಡಿಸೆಂಬರ್ 11ರಂದು, 2014ರ ಜೂನ್ 11ರಂದು ಮತ್ತು ಸೆಪ್ಟೆಂಬರ್ 22ರಂದು ಹೀಗೆ ತಿದ್ದಿಕೊಂಡಿತು. ಆಗಸ್ಟ್‌ನಲ್ಲಿ ಯೋಜಿಸಿದ್ದ ತಿದ್ದುಪಡಿಯ ಅಗತ್ಯವೇ ಬೀಳಲಿಲ್ಲ.

ಹಾಳೆಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಮಾನವನ್ನು ಬರೆಯಿರಿ ಎಂದು ಗಣಿತದ ಮೇಷ್ಟ್ರುಗಳು ಹೇಳುವುದನ್ನು ಇಲ್ಲಿ ಪಾಲಿಸಲೇಬೇಕು. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಪುಟ್ಟ ಥ್ರಸ್ಟರುಗಳ ತಳ್ಳನ್ನು ಒಂದು ತಂತ್ರಾಂಶ ಪೌಂಡಿನ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿತು. ಎರಡರ ನಡುವೆ 4.45 ಪಟ್ಟು ಅಂತರ. 1999ರ ಸೆಪ್ಟೆಂಬರ್ 23ರಂದು ಮಂಗಳನ ಮೇಲೆ 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿ.ಮೀ. ಎತ್ತರಕ್ಕೆ ಇಳಿದು ನಾಶವಾಯಿತು.

ಕೇಳುವುದು, ಹೇಳುವುದು

ದೂರವನ್ನು 3 ಲಕ್ಷದಿಂದ ಭಾಗಿಸಿದರೆ ಸಂಕೇತ ತಲುಪಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ಮಂಗಳಯಾನ ತಲುಪಿದ ದಿನ ಮಂಗಳ ಸುಮಾರು 22.4 ಕೋಟಿ ಕಿ.ಮೀ. ದೂರದಲ್ಲಿತ್ತು, 747 ಸೆಕೆಂಡು, ಅಂದರೆ ಹನ್ನೆರಡೂವರೆ ನಿಮಿಷ. ಕೇಳಿ ಉತ್ತರ ಪಡೆಯಲು 25 ನಿಮಿಷ. ಸಂಕೇತದ ಬಲ ದೂರದ ವರ್ಗದಂತೆ ಕುಗ್ಗುತ್ತದೆ: ಈ ದೂರ ಚಂದ್ರನ ದೂರದ 583 ಪಟ್ಟು, ಆದ್ದರಿಂದ ಚಂದ್ರನಿಂದ ಬರುವ ಅಂಥದೇ ಸಂಕೇತಕ್ಕಿಂತ ಇದು 3.4 ಲಕ್ಷ ಪಟ್ಟು ಕ್ಷೀಣ. ಬೆಂಗಳೂರಿನ ಹೊರಗೆ ಬ್ಯಾಲಾಳು ಗ್ರಾಮದಲ್ಲಿ ಚಂದ್ರಯಾನ-1ಕ್ಕಾಗಿ ಕಟ್ಟಿದ್ದ 32 ಮೀಟರ್ ಅಗಲದ ಆಂಟೆನಾ ಈ ಪಿಸುಮಾತನ್ನು ಆಲಿಸಿತು. ಬ್ಯಾಲಾಳು ಮಂಗಳನಿಗೆ ಬೆನ್ನು ತಿರುಗಿಸಿದ ಹೊತ್ತಿನಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕೇಂದ್ರಗಳು ನೆರವಾದವು. ಬಿಸಿಲಿಗೂ ಇದೇ ನಿಯಮ. 1ನ್ನು 1.524ರ ವರ್ಗದಿಂದ ಭಾಗಿಸಿದರೆ 0.43, ಮಂಗಳನಲ್ಲಿ ಸೌರಫಲಕಕ್ಕೆ ಸಿಗುವುದು ಇಲ್ಲಿನ ಬಿಸಿಲಿನ ಅರ್ಧಕ್ಕಿಂತ ಕಡಿಮೆ.

ನಿಲ್ಲುವುದು

ದೂರದ ತುದಿ ತಲುಪಿದಾಗ ನಮ್ಮ ನೌಕೆಯ ವೇಗ 32.73 ಭಾಗಿಸು 1.524, ಅಂದರೆ 21.48 ಕಿ.ಮೀ. ಮಂಗಳನ ವೇಗ 24.13. ನೌಕೆಯೇ ನಿಧಾನ, ಮಂಗಳ ಹಿಂದಿನಿಂದ ಬಂದು ಅದನ್ನು ಹಿಡಿಯುತ್ತದೆ. ಹಾಗಿದ್ದರೂ ಬ್ರೇಕ್ ಹಾಕಬೇಕು. ವ್ಯತ್ಯಾಸ 2.65, ವರ್ಗ 7.0. 422 ಕಿ.ಮೀ. ಎತ್ತರದಲ್ಲಿ ಮಂಗಳನ ವಿಮೋಚನಾ ವೇಗ 4.74, ವರ್ಗ 22.5. ಮೊತ್ತದ ಮೂಲ 5.43. ಇದು ವಿಮೋಚನಾ ವೇಗಕ್ಕಿಂತ ಹೆಚ್ಚಾಗಿರುವುದರಿಂದ, ಏನೂ ಮಾಡದಿದ್ದರೆ ನೌಕೆ ಮಂಗಳನ ಪಕ್ಕದಲ್ಲಿ ಬಾಗಿ ಜಾರಿಹೋಗುತ್ತದೆ. ಮಂಗಳಯಾನ ಸೇರಿದ, 422ರಿಂದ 76,994 ಕಿ.ಮೀ.ವರೆಗಿನ ಉದ್ದನೆಯ ಕಕ್ಷೆಯಲ್ಲಿ ಹತ್ತಿರದ ಬಿಂದುವಿನ ವೇಗ 4.63. ಕಳೆಯಬೇಕಾದದ್ದು ಸೆಕೆಂಡಿಗೆ 800 ಮೀಟರ್. ನಿಜವಾಗಿ ಕಳೆದದ್ದು 1,099. ಇಡೀ ಹಾಳೆಯಲ್ಲಿ ಅತಿ ದೊಡ್ಡ ಅಂತರ ಇದೇ, ನಮ್ಮ ಮೊದಲ ಸುಳ್ಳಿನ ಬೆಲೆಯೂ ಇದರಲ್ಲಿ ಸೇರಿದೆ: ಆ ದಿನ ಮಂಗಳ ಸೂರ್ಯನಿಗೆ ಸರಾಸರಿಗಿಂತ ಹತ್ತಿರವಿದ್ದು ಹೆಚ್ಚು ವೇಗವಾಗಿ ಓಡುತ್ತಿತ್ತು. ಪುಟ್ಟ ಎಂಜಿನ್ ಸುಮಾರು 23 ನಿಮಿಷ ಉರಿಯಬೇಕಾದದ್ದರ ನಷ್ಟ ಉಳಿದದ್ದು.

ಈ 23 ನಿಮಿಷದಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳನ ಮರೆಗೆ ಸರಿಯಿತು. ಆಜ್ಞೆಗಳನ್ನೆಲ್ಲ ಹತ್ತು ದಿನ ಮೊದಲೇ ಕಳಿಸಿ ನೌಕೆಯ ಕಂಪ್ಯೂಟರಿನಲ್ಲಿ ಇರಿಸಲಾಗಿತ್ತು. ನಿಜವಾದ ಭಯ ಬೇರೆಯದು. ಸುಮಾರು 300 ದಿನ ಮಲಗಿದ್ದ ಎಂಜಿನ್ ಏಳುತ್ತದೆಯೇ? 1993ರ ಆಗಸ್ಟ್ 21ರಂದು ಅಮೆರಿಕದ ಮಾರ್ಸ್ ಅಬ್ಸರ್ವರ್ ಮಂಗಳ ಸೇರಲು ಮೂರು ದಿನವಿದ್ದಾಗ ಇಂಧನದ ಟ್ಯಾಂಕುಗಳಿಗೆ ಒತ್ತಡ ಕೊಡುವ ಹಂತದಲ್ಲೇ ಮೌನವಾಗಿತ್ತು. ತಿಂಗಳುಗಟ್ಟಲೆ ವಾಲ್ವುಗಳ ಮೂಲಕ ಜಿನುಗಿದ್ದ ರಾಸಾಯನಿಕ ಕೊಳವೆಯಲ್ಲಿ ಇಂಧನದೊಡನೆ ಸೇರಿ ಕೊಳವೆ ಒಡೆದಿರಬೇಕೆಂಬುದು ತನಿಖೆಯ ಅಂದಾಜು. ಮಂಗಳಯಾನದಲ್ಲಿ ಆದ್ದರಿಂದ ಮೊದಲು ಬಳಸಿದ ಇಂಧನದ ಕೊಳವೆಗಳನ್ನು ಮುಚ್ಚಿ, ಹೊಸದಾಗಿ ತೆರೆಯುವ ಬೇರೊಂದು ಜೋಡಿ ಕೊಳವೆಗಳನ್ನು ಇಟ್ಟಿದ್ದರು. ಸೆಪ್ಟೆಂಬರ್ 22ರಂದು ಎಂಜಿನ್ನನ್ನು ಸುಮಾರು 4 ಸೆಕೆಂಡು ಉರಿಸಿ ನೋಡಿದರು. ಅದು ಏಳದಿದ್ದರೆ 22 ನ್ಯೂಟನ್ನಿನ ಎಂಟು ಥ್ರಸ್ಟರುಗಳಿಂದಲೇ ಹೆಚ್ಚು ಹೊತ್ತು ಬ್ರೇಕ್ ಹಾಕುವ ಯೋಜನೆಯೂ ಸಿದ್ಧವಿತ್ತು.

ಇದೇ ಹಾಳೆಯ ಹಿಂಬದಿಯಲ್ಲಿ ಈಗ ಶುಕ್ರನಿಗೆ ಲೆಕ್ಕ ಮಾಡಿ. ದೂರ 0.723, ಅವಧಿ 224.7 ದಿನ. ದಾರಿಗೆ 146 ದಿನ, ಮುಹೂರ್ತಗಳ ನಡುವೆ 584 ದಿನ ಬಂದರೆ ನಿಮ್ಮ ಲೆಕ್ಕ ಸರಿ. ಹೊರಡುವ ವೇಗ 27.28 ಬರುತ್ತದೆ, ಅಂದರೆ ಭೂಮಿಯ ವೇಗಕ್ಕಿಂತ 2.5 ಕಡಿಮೆ, ಸೂರ್ಯನ ಕಡೆಗೆ ಇಳಿಯಬೇಕಾದಾಗ ನೌಕೆಯನ್ನು ಭೂಮಿ ಸಾಗುವ ದಿಕ್ಕಿಗೆ ವಿರುದ್ಧವಾಗಿ ಎಸೆಯಬೇಕು. ಉತ್ತರವನ್ನು ಹೋಲಿಸಲು ಜಪಾನಿನ ಅಕಾತ್ಸುಕಿ ನೌಕೆ ಇದೆ. 2010ರ ಮೇ 21ರಂದು ಹೊರಟು ಡಿಸೆಂಬರ್ 7ರಂದು ಶುಕ್ರನ ಬಳಿ ತಲುಪಿದಾಗ ಅದರ ಮುಖ್ಯ ಎಂಜಿನ್ ನಡುವೆಯೇ ಕೆಟ್ಟಿತು, ನೌಕೆ ಜಾರಿಹೋಗಿ ಸೂರ್ಯನನ್ನು ಸುತ್ತತೊಡಗಿತು. ಅದನ್ನು ನಡೆಸುತ್ತಿದ್ದವರು ಮತ್ತೊಂದು ಭೇಟಿಯ ದಿನವನ್ನು ಲೆಕ್ಕ ಹಾಕಿ, ಸರಿಯಾಗಿ ಐದು ವರ್ಷಗಳ ನಂತರ, 2015ರ ಡಿಸೆಂಬರ್ 7ರಂದು, ದಿಕ್ಕು ತಿದ್ದಲೆಂದು ಇಟ್ಟಿದ್ದ ಪುಟ್ಟ ಥ್ರಸ್ಟರುಗಳನ್ನೇ ಉರಿಸಿ ಅದನ್ನು ಶುಕ್ರನ ಕಕ್ಷೆಗೆ ಸೇರಿಸಿದರು.